ರಸ್ತೆಬದಿಯ ಯಜಮಾನರು

ಅತಿ ಕಡಿಮೆ ಆಟ ನೋಡಿ ಅತಿ ಹೆಚ್ಚು ತೃಪ್ತನಾಗುವ ಕ್ರೀಡಾಭಿಮಾನಿ ಯಾರು ಎಂದು ಪಂಥ ಕಟ್ಟಿದರೆ, ಜುಲೈ ತಿಂಗಳಲ್ಲಿ ಫ್ರಾನ್ಸಿನ ಹಳ್ಳಿರಸ್ತೆಯ ಅಂಚಿನಲ್ಲಿ ಮಡಿಚುವ ಕುರ್ಚಿ ಹಾಕಿ ಕೂತ ಮನುಷ್ಯನಿಗೆ ಬಹುಮಾನ ಕಟ್ಟಿಟ್ಟ ಬುತ್ತಿ. ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯ ಮೂರು ವಾರದ್ದು, 21 ಹಂತಗಳದ್ದು, ಸುಮಾರು 3,400 ಕಿ.ಮೀ. ಉದ್ದದ್ದು. ಅದರಲ್ಲಿ ಈತನ ಪಾಲಿಗೆ ಬರುವುದು ಕುರ್ಚಿಯ ಆಚೀಚಿನ ನೂರು ಮೀಟರ್ ಟಾರು ಮಾತ್ರ. ಬೆಳಗ್ಗೆಯೇ ಬಂದು ಕೊಡೆ ನೆಟ್ಟು, ಬ್ರೆಡ್ಡು, ಚೀಸು, ವೈನು ಹರವಿ, ಪಕ್ಕದ ಕುಟುಂಬದ ಜೊತೆ ಹವಾಮಾನ, ಮೊಣಕಾಲು ನೋವು, ಸರ್ಕಾರ ಮೂರನ್ನೂ ಚರ್ಚಿಸಿ ಮುಗಿಸುವ ಹೊತ್ತಿಗೆ ನೂರೆಪ್ಪತ್ತಕ್ಕೂ ಹೆಚ್ಚು ಸವಾರರು ಗಂಟೆಗೆ 45 ಕಿ.ಮೀ. ವೇಗದಲ್ಲಿ, ಹೆಜ್ಜೇನು ಎದ್ದ ಹಾಗೆ ಝೇಂಕರಿಸುತ್ತ ಹೋಗಿಬಿಡುತ್ತಾರೆ. ಒಂದೇ ಗುಂಪಾಗಿ ಬಂದರೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಮನೆಯಲ್ಲೇ ಕೂತಿದ್ದರೆ ಟೀವಿಯಲ್ಲಿ ಪೂರಾ ಪಂದ್ಯ, ಹೆಲಿಕಾಪ್ಟರಿನಿಂದ ತೆಗೆದ ಕೋಟೆ ಕೊತ್ತಲಗಳ ಸಮೇತ, ಕಾಣುತ್ತಿತ್ತು. ಇದು ಅವನಿಗೂ ಗೊತ್ತು. ಆದರೂ ಮುಂದಿನ ವರ್ಷ ಬರುತ್ತಾನೆ. ಇವನನ್ನು ಪ್ರೇಕ್ಷಕ ಎಂದುಕೊಂಡವರಿಗೆ ಇದು ಶುದ್ಧ ಹುಚ್ಚಾಗಿ ಕಾಣುತ್ತದೆ. ತಪ್ಪಿರುವುದು ಆ ಹೆಸರಿನಲ್ಲಿ. ಇವನು ನೆಂಟರಿಗಾಗಿ ಹೊಸಿಲಲ್ಲಿ ಕಾದು ನಿಂತ ಮನೆಯ ಯಜಮಾನ.

ಮಿಕ್ಕ ಆಟಗಳಿಗೆ ಅಭಿಮಾನಿಯೇ ಟಿಕೆಟ್ ಕೊಂಡು ಹೋಗಬೇಕು. ಇಲ್ಲಿ ಆಟವೇ ಅಭಿಮಾನಿಯ ಬಾಗಿಲಿಗೆ ಬರುತ್ತದೆ. ಉತ್ಸವಮೂರ್ತಿ ನಮ್ಮ ಬೀದಿಗೆ ಬಂದಾಗ ಹಣ್ಣುಕಾಯಿ ಹಿಡಿದು ನಿಂತವರು ದರ್ಶನ ಎಷ್ಟು ಸೆಕೆಂಡಾಯಿತು ಎಂದು ಗಡಿಯಾರ ನೋಡುತ್ತಾರೆಯೇ? ಪಂದ್ಯದ ಹುಟ್ಟೇ ಅಂಥದ್ದು. 1903ರಲ್ಲಿ ‘ಲೋತೊ’ ಎಂಬ ಕ್ರೀಡಾಪತ್ರಿಕೆಯ ಸಂಪಾದಕ ಆನ್ರಿ ದೆಗ್ರಾಂಜ್ ಇದನ್ನು ಶುರುಮಾಡಿದ್ದು ಪತ್ರಿಕೆಯ ಪ್ರಸಾರ ಹೆಚ್ಚಲಿ ಎಂದು. ಊರ ಮುಂದೆಯೇ ಹಾದುಹೋದದ್ದರ ಕತೆಯನ್ನು ಯಾರು ತಾನೇ ಕೊಂಡು ಓದುವುದಿಲ್ಲ! ಇಂದಿಗೂ ರೈತರು ಹುಲ್ಲಿನ ಪಿಂಡಿಗಳನ್ನು ಜೋಡಿಸಿ ಹೊಲದಲ್ಲಿ ಆನೆಗಾತ್ರದ ಸೈಕಲ್ ಮಾಡುತ್ತಾರೆ. ತಲೆ ತಗ್ಗಿಸಿ ಪೆಡಲ್ ತುಳಿಯುವ ಸವಾರನಿಗೆ ಅದು ಕಾಣುವುದೇ ಇಲ್ಲ, ಹೆಲಿಕಾಪ್ಟರಿಗೆ ಮಾತ್ರ ಕಾಣುತ್ತದೆ. ಆದರೆ ನೆಂಟರು ನೋಡಲಿ ಬಿಡಲಿ, ರಂಗೋಲಿ ಹಾಕದ ಮನೆಯೆಂದು ಕರೆಸಿಕೊಳ್ಳುವುದು ಯಾವ ಯಜಮಾನನಿಗೂ ಇಷ್ಟವಿಲ್ಲ.

ಅಭಿಮಾನಕ್ಕೆ ಗೆಲುವೇ ಆಧಾರವಾಗಿದ್ದರೆ ಈ ರಸ್ತೆಗಳು ಯಾವತ್ತೋ ಬಣಗುಟ್ಟಬೇಕಿತ್ತು. ಟೂರ್ ಗೆದ್ದ ಕೊನೆಯ ಫ್ರೆಂಚ್ ಪುರುಷ ಬೆರ್ನಾರ್ ಇನೋ, ಅದು 1985ರಲ್ಲಿ. ಆಮೇಲೆ ಹುಟ್ಟಿದವರ ಮಕ್ಕಳೂ ಈಗ ಅದೇ ರಸ್ತೆಬದಿಯಲ್ಲಿ ಕೂತು ಬಾವುಟ ಬೀಸುತ್ತಿದ್ದಾರೆ. ಅದಕ್ಕೂ ಹಿಂದೆ, 1960ರ ದಶಕದಲ್ಲಿ, ಐದು ಸಲ ಟೂರ್ ಗೆದ್ದ ಜಾಕ್ ಆಂಕೆತಿಲ್ ಮನೆಯವನೇ ಆಗಿದ್ದರೂ ಊರಿನ ಮುದ್ದೆಲ್ಲ ಸಿಕ್ಕಿದ್ದು ರೇಮಂ ಪುಲಿದೋರ್‌ಗೆ. ಮೂರು ಸಲ ಎರಡನೆಯವನು, ಐದು ಸಲ ಮೂರನೆಯವನು, ಮುನ್ನಡೆಯ ಹಳದಿ ಅಂಗಿಯನ್ನು ಒಂದೇ ಒಂದು ದಿನವೂ ತೊಡದವನು! ಗೆದ್ದವನಿಗೆ ಹಾರ ಹಾಕಲು ಸಂಘಟಕರಿದ್ದಾರೆ. ದಣಿದು ಬಂದವನನ್ನು ಕಂಡರೆ ಕರುಳು ಚುರ್ ಎನ್ನುವುದು ಮನೆಯವರಿಗೆ. ಕಟ್ಟಕಡೆಯ ಸವಾರನಿಗೂ, ಬಿಟ್ಟುಕೊಟ್ಟವರನ್ನು ಗುಡಿಸಿಕೊಂಡು ಬರುವ ‘ಪೊರಕೆ ಗಾಡಿ’ ಅವನ ಬೆನ್ನಿಗೇ ಇದ್ದರೂ, ಅದೇ ಚಪ್ಪಾಳೆ.

ಇದೆಲ್ಲ ಹೆಚ್ಚಾಯಿತು, ಜನ ಬರುವುದು ಪುಕ್ಕಟೆ ಸಾಮಾನಿಗೆ ಎನ್ನುವವರಿದ್ದಾರೆ. ಆಕ್ಷೇಪಣೆಯಲ್ಲಿ ಹುರುಳಿದೆ. 1930ರಲ್ಲಿ ದೆಗ್ರಾಂಜ್ ಕಂಪನಿಗಳ ತಂಡಗಳನ್ನು ಬಿಟ್ಟು ರಾಷ್ಟ್ರೀಯ ತಂಡಗಳನ್ನು ತಂದಾಗ ಖರ್ಚು ತೂಗಿಸಲು ಜಾಹೀರಾತು ಗಾಡಿಗಳ ಮೆರವಣಿಗೆ ಸೇರಿಸಿದ. ಇಂದಿಗೂ ಸವಾರರಿಗಿಂತ ಒಂದೆರಡು ತಾಸು ಮುಂಚೆ ಅದು ಟೋಪಿ, ಕೀಚೈನು, ಮಿಠಾಯಿ, ಸಾಸೇಜು ಎಸೆಯುತ್ತ ಬರುತ್ತದೆ. ‘ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ’ ಎಂಬ ಮಾತು ಫ್ರೆಂಚಿನಲ್ಲಿ ಇದೆಯೋ ಇಲ್ಲವೋ, ಆಚರಣೆಯಂತೂ ಇದೆ. ದುಬಾರಿ ಕ್ಯಾಂಪಿಂಗ್ ವ್ಯಾನಿನಲ್ಲಿ ಬಂದ ಗೃಹಸ್ಥ ಚರಂಡಿಗಿಳಿದು, ಆರು ವರ್ಷದ ಮಗುವಿನ ಜೊತೆ ಪೈಪೋಟಿ ಮಾಡಿ, ಎರಡು ಬೆರಳಿನಷ್ಟು ಸಾಸೇಜನ್ನು ವಿಜಯಿಯಾಗಿ ಎತ್ತಿ ಹಿಡಿಯುತ್ತಾನೆ. ಆದರೆ ಆಸೆ ಸಾಮಾನಿನದೇ ಆಗಿದ್ದರೆ ಮೆರವಣಿಗೆ ಮುಗಿದೊಡನೆ ಗಂಟು ಕಟ್ಟಬೇಕಿತ್ತಲ್ಲ? ಕಟ್ಟುವುದಿಲ್ಲ. ಸಿಕ್ಕ ಟೋಪಿಯನ್ನು ತಲೆಗೇರಿಸಿ ಇನ್ನೆರಡು ತಾಸು ಬಿಸಿಲಲ್ಲಿ ಕೂರುತ್ತಾನೆ. ಬೀಗರು ಬರುವ ಮುಂಚೆ ಹೊಸ ಪೇಟ ಸುತ್ತಿಕೊಂಡಂತೆ.

ಇನ್ನೊಂದು ಆಕ್ಷೇಪಣೆ: ದೂರದಿಂದ ಬಂದವರು ಹೇಗೆ ಯಜಮಾನರಾದಾರು? ಆಲ್ಪ್ಸ್ ಪರ್ವತದ ಆಲ್ಪ್ ದ್ಯುಯೆಜ್ ಏರಿನಲ್ಲಿ 21 ತಿರುವುಗಳಿವೆ. ಏಳನೆಯದು ‘ಡಚ್ಚರ ಮೂಲೆ’. 1976ರಿಂದ 1989ರೊಳಗೆ ಈ ಏರಿನ ಹಂತವನ್ನು ಎಂಟು ಸಲ ಡಚ್ ಸವಾರರು ಗೆದ್ದರು. ಮುಂದಿನ ಮೂವತ್ತು ವರ್ಷ ಪುರುಷರ ಟೂರ್‌ನಲ್ಲಿ ಒಬ್ಬನೂ ಗೆಲ್ಲಲಿಲ್ಲ. ಡಚ್ ಅಭಿಮಾನಿಗಳ ಕಿತ್ತಳೆ ಬಣ್ಣ ಮಾತ್ರ ಮಾಸಲಿಲ್ಲ. ಬೆಟ್ಟವೇ ಇಲ್ಲದ ದೇಶದವರು ದಿನಗಟ್ಟಲೆ ಮೊದಲೇ ಬಂದು ಬೀಡುಬಿಟ್ಟು ಪರರ ಬೆಟ್ಟಕ್ಕೆ ಖಾತೆ ಮಾಡಿಸಿಕೊಂಡಿದ್ದಾರೆ. ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನ ಸೀಟು ಹಿಡಿಯುವ ನಾಡಿನವರಿಗೆ ಈ ಕಾನೂನನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಟ್ಟಿಯಾದ ಆಕ್ಷೇಪಣೆ ಉಪದ್ರವದ್ದು. ಬೆಟ್ಟದ ಮೇಲೆ ಸವಾರರ ವೇಗ ತಗ್ಗುತ್ತದೆ, ನಿಂತು ನೋಡಬಹುದು. ಆಗ ಯಜಮಾನರು ಏನು ಮಾಡುತ್ತಾರೆ? ಚಡ್ಡಿಯಲ್ಲಿ ಪಕ್ಕದಲ್ಲೇ ಓಡುತ್ತಾರೆ, ಕಿವಿಯ ಹತ್ತಿರ ಅರಚುತ್ತಾರೆ, ಕೇಳದಿದ್ದರೂ ತಲೆಗೆ ನೀರು ಸುರಿಯುತ್ತಾರೆ, ಬೆನ್ನು ಹಿಡಿದು ತಳ್ಳುತ್ತಾರೆ. ಅತಿಥಿಯ ಎಲೆಗೆ ಆರನೆಯ ಹೋಳಿಗೆ ಬಡಿಸುವ ಬಲವಂತದ ಉಪಚಾರ ಇದು. ಕೆಲವರು ಉಪಚಾರವನ್ನೂ ಬಿಟ್ಟರು: 1975ರಲ್ಲಿ ಪುಯಿ ದ ದೋಮ್ ಏರಿನಲ್ಲಿ, ಆರನೆಯ ಗೆಲುವಿಗೆ ಹೊರಟಿದ್ದ ಎಡ್ಡಿ ಮೆರ್ಕ್ಸ್‌ನ ಪಕ್ಕೆಗೆ ಒಬ್ಬ ಗುದ್ದಿದ, ಮೆರ್ಕ್ಸ್ ಆ ಟೂರ್ ಸೋತ. 2021ರಲ್ಲಿ ಬ್ರೆಸ್ಟ್‌ನಿಂದ ಹೊರಟ ಮೊದಲ ಹಂತದಲ್ಲಿ ಒಬ್ಬಾಕೆ ಅಜ್ಜ-ಅಜ್ಜಿಗೆ ನಮಸ್ಕಾರ ಬರೆದ ರಟ್ಟನ್ನು ಟೀವಿ ಕ್ಯಾಮೆರಾಕ್ಕೆ ಹಿಡಿದು ಸವಾರರಿಗೆ ಬೆನ್ನು ತಿರುಗಿಸಿ ನಿಂತಳು. ಸವಾರ ಟೋನಿ ಮಾರ್ಟಿನ್ ಅದಕ್ಕೆ ಡಿಕ್ಕಿ ಹೊಡೆದ, ಹಿಂದಿನವರೆಲ್ಲ ಅವನ ಮೇಲೆ ಬಿದ್ದರು. ನ್ಯಾಯಾಲಯ ಆಕೆಗೆ 1,200 ಯೂರೋ ದಂಡ ಹಾಕಿತು. ಅಕ್ಷತೆ ಹಾಕುವಾಗ ವಧೂವರರನ್ನು ಬಿಟ್ಟು ಫೋಟೋದವನನ್ನು ನೋಡುವ ನೆಂಟರು ಎಲ್ಲ ಮದುವೆಯಲ್ಲೂ ಇರುತ್ತಾರೆ, ಆದರೆ ಅವರಿಂದ ಮದುಮಕ್ಕಳ ಕೈಕಾಲು ಮುರಿಯುವುದು ಅಪರೂಪ. ಈ ತಪ್ಪಿಗೆ ನನ್ನ ಬಳಿ ಸಮಜಾಯಿಷಿ ಇಲ್ಲ. ಆದರೆ ಇಂಥ ಕೆಲವರಿಗಾಗಿ ಬೇಲಿ ಕಟ್ಟಿ ಟಿಕೆಟ್ ಇಟ್ಟರೆ ಯಜಮಾನರೆಲ್ಲ ಒಂದೇ ಏಟಿಗೆ ಬರಿಯ ಗಿರಾಕಿಗಳಾಗುತ್ತಾರೆ.

ಜುಲೈನಲ್ಲಿ ಆ ಕಡೆ ಹೋಗುವವರಿದ್ದರೆ ನಕ್ಷೆ ನೋಡಿ ಯಾವುದಾದರೂ ಏರುರಸ್ತೆಗೆ ಬೆಳಗ್ಗೆಯೇ ಹೋಗಿ ಕೂತುಬಿಡಿ. ಕಾಸು ಕೇಳುವವರಿಲ್ಲ, ಪಕ್ಕದವರು ವೈನೂ ಕೊಟ್ಟಾರು. ಮುಖ ಮಾತ್ರ ಸವಾರರು ಬರುವ ಕಡೆಗೇ ಇರಲಿ.