ಕೌದಿಯಕ್ಕನ ಗಿರಾಕಿಗಳು

ಕೌದಿಯಕ್ಕನಿಗೆ ಮತದಾರರ ಪಟ್ಟಿಯಲ್ಲಿ ಬೇರೆ ಹೆಸರಿದೆ. ಓಣಿಯಲ್ಲಿ ಅದು ಯಾರಿಗೂ ನೆನಪಿಲ್ಲ. ಹೊಸಪೇಟೆಯ ಯಾವ ಓಣಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ವಯಸ್ಸು ಅರವತ್ತರ ಆಚೀಚೆ; ಯಜಮಾನರು ಡ್ಯಾಮಿನ ಕಚೇರಿಯಲ್ಲೋ ಸಕ್ಕರೆ ಕಾರ್ಖಾನೆಯಲ್ಲೋ ದುಡಿದು ನಿವೃತ್ತರು; ಮಕ್ಕಳು ಬೆಂಗಳೂರಿನಲ್ಲಿ; ಕೈಯಲ್ಲಿ ಸೂಜಿ, ಸೆರಗಿಗೆ ಅಂಟಿದ ನಾಲ್ಕಾರು ದಾರದ ಎಳೆ. ಎದುರು ಮನೆಯ ಹಗ್ಗದ ಮೇಲೆ ಕಾಟನ್ ಸೀರೆ ಒಣಗುತ್ತಿದ್ದರೆ ಅವರು ಅದರ ಬಣ್ಣ, ಅಂಚು ನೋಡುವುದಿಲ್ಲ. ಇನ್ನೆಷ್ಟು ದಿನ ಬಾಳೀತು ಎಂದು ನೋಡುತ್ತಾರೆ.

ಕೌದಿ ನಮ್ಮ ಕಡೆ ಹೊಸದೇನಲ್ಲ. ಹಳೆ ಸೀರೆ, ಧೋತರ ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಕೂಡಿಸಿ, ಅಂಚಿನಿಂದ ನಡುವಿನವರೆಗೆ ಸಾಲು ಸಾಲು ಹೊಲಿಗೆ ಹಾಕಿದರೆ ಕೌದಿ. ಕೌದಿಯಕ್ಕ ಬಾಣಂತಿಗೊಂದು, ಕೂಸಿಗೊಂದು, ಹಾಸ್ಟೆಲ್‌ಗೆ ಹೋಗುವ ಹುಡುಗನಿಗೊಂದು ಹೊಲಿದುಕೊಂಡು ಸುಖವಾಗಿದ್ದರು. ಮೊಮ್ಮಗ ಮಾತ್ರ ಬೆಂಗಳೂರಿನಿಂದ ಜಿಪ್ ಇರುವ ಚೀಲದೊಳಗೆ ಮಲಗಿಕೊಂಡೇ ಬಂದ. ಸೊಸೆ ಕೌದಿಯನ್ನು ಎರಡು ಬೆರಳಲ್ಲಿ ಎತ್ತಿ, “ತುಂಬಾ ಚೆನ್ನಾಗಿದೆ ಅತ್ತೆ, ಗೋಡೆಗೆ ಹಾಕೋಣ” ಅಂದಳು. ಅಂದೇ ಕೌದಿಯಕ್ಕ ಮನುಷ್ಯರ ವ್ಯವಹಾರ ಬಂದ್ ಮಾಡಿ ಪ್ರಾಣಿಗಳ ಕಡೆ ತಿರುಗಿದರು.

ಮೊದಲ ಗಿರಾಕಿ ಮನೆಯ ಬೆಕ್ಕು. ಹೊಲಿಯುತ್ತಿರುವಷ್ಟು ದಿನ ಅದು ಕೌದಿ ಬಿಟ್ಟು ಏಳಲಿಲ್ಲ. ಸೂಜಿ ಹೋದಲ್ಲಿ ಪಂಜ, ದಾರ ಹೋದಲ್ಲಿ ಬಾಯಿ. ಕೊನೆಯ ಗಂಟು ಹಾಕಿ, ಜಾಡಿಸಿ, ಮೂಲೆಯಲ್ಲಿ ಶಾಸ್ತ್ರೋಕ್ತವಾಗಿ ಹಾಸಿದ ಮೇಲೆ ಆ ಕಡೆ ತಿರುಗಿಯೂ ನೋಡಲಿಲ್ಲ. ಕೌದಿಯಕ್ಕ ಇದಕ್ಕೂ ಉಪಾಯ ಕಂಡುಕೊಂಡಿದ್ದಾರೆ. ಬೆಕ್ಕಿನ ಕೌದಿಯನ್ನು ಮುಗಿಸುವುದೇ ಇಲ್ಲ. ದಿನಾ ಸಂಜೆ ಎರಡು ಹೊಲಿಗೆ ಹಾಕಿ ಮೂರು ಬಿಚ್ಚುತ್ತಾರೆ.

ಪಕ್ಕದ ಮನೆಯ ಹುಡುಗ ಗಿನಿ ಪಿಗ್ ಜೋಡಿ ತಂದಾಗ ಕೌದಿಯಕ್ಕನ ವಿದ್ಯೆಗೆ ನಿಜವಾದ ಪರೀಕ್ಷೆ ಬಂತು. ಇವು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಕಡೆಯ ಸಂತಾನ, ತಂಪಿಗೆ ಒಗ್ಗಿದವು. ಮೂವತ್ತು ಡಿಗ್ರಿ ದಾಟಿದರೇ ಏದುಸಿರು ಬಿಡುತ್ತವೆ. ನಮ್ಮ ಊರು ಏಪ್ರಿಲ್ ತಿಂಗಳಲ್ಲಿ ನಲವತ್ತು ಮುಟ್ಟುತ್ತದೆ. ಮೇಲಾಗಿ ಇವು ಹೊತ್ತುಗೊತ್ತಿಲ್ಲದೆ ಉಚ್ಚೆ ಹೊಯ್ಯುವ ಜಾತಿ. ಕಾಟನ್ ಕೌದಿ ಹಾಸಿದರೆ ಅದು ಹೀರಿಕೊಂಡು ಒದ್ದೆಯಾಗಿಯೇ ಕೂರುತ್ತದೆ, ಪ್ರಾಣಿಯ ಅಂಗಾಲು ಕೆಡುತ್ತದೆ. ಹುಡುಗ ಫ್ಲೀಸ್ ಬಟ್ಟೆ ತರಿಸಿಕೊಟ್ಟ. ಕೌದಿಯಕ್ಕ ಅದನ್ನು ಉಜ್ಜಿ, ಮೂಸಿ, “ಇದು ಪ್ಲಾಸ್ಟಿಕ್ಕು” ಎಂದು ತಿರಸ್ಕರಿಸಿದರು. ಆಮೇಲೆ ಲೋಟದಿಂದ ನೀರು ಸುರಿದು ನೋಡಿದರು. ನೀರು ಕೆಳಗಿಳಿಯಿತು, ಮೇಲ್ಮೈ ಒಣಗಿಯೇ ಉಳಿಯಿತು. ಕತ್ತರಿಸಿದ ಅಂಚಿನಿಂದ ಒಂದು ಎಳೆಯೂ ಬಿಚ್ಚಲಿಲ್ಲ. ಅಂದಿನಿಂದ ಮೇಲೆ ಫ್ಲೀಸ್, ನಡುವೆ ಹಳೆ ಟವೆಲ್, ಕೆಳಗೆ ಕಾಟನ್ ಎಂಬ ತ್ರಿವಿಧ ಕೌದಿ ಜಾರಿಗೆ ಬಂತು.

ಈ ವಿಷಯದಲ್ಲಿ ಅವರು ಕಟ್ಟುನಿಟ್ಟು. ಹೊಸ ಫ್ಲೀಸನ್ನು ನಾಲ್ಕಾರು ಸಲ ಒಗೆಯದೆ ಹಾಸಕೂಡದು, ಇಲ್ಲದಿದ್ದರೆ ನೀರು ಮೇಲೆಯೇ ಗುಂಡಾಗಿ ನಿಲ್ಲುತ್ತದೆ. ಬಟ್ಟೆ ಮೆತ್ತಗಾಗಲೆಂದು ಹಾಕುವ ಘಮಘಮ ದ್ರಾವಣ ಕೂಡದು, ಅದನ್ನು ಹಾಕಿದರೆ ನೀರು ಇಳಿಯುವುದಿಲ್ಲ. ಸಡಿಲ ದಾರವಂತೂ ಬಿಡಲೇಕೂಡದು, ಪುಟ್ಟ ಕಾಲಿಗೆ ಸುತ್ತಿದರೆ ರಕ್ತ ಓಡಾಟ ನಿಂತು ಬೆರಳೇ ಹೋದೀತು. ಕೌದಿಯಕ್ಕ ಮದುವೆ ರವಿಕೆಯನ್ನೂ ಇಷ್ಟು ಜಗ್ಗಿ ನೋಡಿದವರಲ್ಲ. ಒಗೆದದ್ದನ್ನು ಒಣಗಿಸುವ ಚಿಂತೆ ಮಾತ್ರ ಹೊಸಪೇಟೆಯವರಿಗಿಲ್ಲ.

ಕೌದಿ ತಯಾರಾಯಿತು. ಗಿನಿ ಪಿಗ್‌ಗಳು ಅದರ ಮೇಲೆ ಒಂದು ಸುತ್ತು ಬಂದವು, ಉಚ್ಚೆ ಹೊಯ್ದವು, ಹೋಗಿ ಕಡಪ ಕಲ್ಲಿನ ಮೇಲೆ ಹೊಟ್ಟೆ ಒತ್ತಿ ಮಲಗಿದವು. ನಾನು ಕೌದಿಯಕ್ಕನ ಮುಖ ನೋಡಲಾರದೆ ಗೋಡೆ ನೋಡಿದೆ. ಅವರು ಹಿಗ್ಗಿದ್ದರು: “ಉಚ್ಚಿ ಹೊಯ್ದ್ವಲ್ಲ, ಅಂದ್ರ ತಮ್ದು ಅಂತ ಒಪ್ಕಂಡ್ವು!”

2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 1755 ಲಂಬಾಣಿ ಕಸೂತಿ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. ಸಂಡೂರಿನ ಕುಶಲ ಕಲಾ ಕೇಂದ್ರದ ಹೆಣ್ಣುಮಕ್ಕಳ ಕೈಕೆಲಸ ಅದು. ಟಿವಿಯಲ್ಲಿ ನೋಡಿದ ಕೌದಿಯಕ್ಕನಿಗೆ ರಾತ್ರಿ ನಿದ್ದೆ ಬರಲಿಲ್ಲ. ಸಂಡೂರಿನ ಬಸ್ ಹತ್ತಿದರು. ಕನ್ನಡಿ, ಕವಡೆ, ಬಣ್ಣದ ದಾರದ ಮರ್ಮ ಕೇಳಿದ್ದಕ್ಕೆ ಒಬ್ಬ ಲಂಬಾಣಿ ಅಜ್ಜಿ, “ಯಾರ ಮದುವಿಗೆ ಬೇ?” ಅಂದಳಂತೆ. “ನಾಯಿಮರಿಗೆ” ಎಂದಾಗ ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲವಂತೆ. ಬಿಳಿ ಸೀರೆ ಉಟ್ಟು ಹೋದ ಕೌದಿಯಕ್ಕ ಅಲ್ಲಿನ ಗಣಿಗಳ ಅದಿರಿನ ಕೆಂಧೂಳಿಯಲ್ಲಿ ಕಾವಿ ಬಣ್ಣವಾಗಿ ಬಂದರು. ಕನ್ನಡಿ ಕೂರಿಸಿದ ಹಾಸಿಗೆಯ ಮೇಲೆ ಮರಿಯನ್ನು ಬಿಟ್ಟರೆ, ಒಂದೊಂದು ಕನ್ನಡಿಯಲ್ಲೂ ಒಂದೊಂದು ನಾಯಿ! ಓಣಿ ಇಡೀ ರಾತ್ರಿ ಮಲಗಲಿಲ್ಲ. ಬೆಳಿಗ್ಗೆ ಎರಡು ಕವಡೆ ಕಾಣೆಯಾಗಿದ್ದವು. ಮಾರನೇ ದಿನ ಸಿಕ್ಕವು. ಎಲ್ಲಿ ಎಂದು ಬರೆಯುವುದಿಲ್ಲ.

ಉತ್ತರ ಕನ್ನಡದ ಸಿದ್ದಿ ಹೆಂಗಸರು ಕವಂದಿ ಎಂಬ ತಮ್ಮ ಕೌದಿಯ ಕೊನೆಯ ತುಂಡಿನೊಳಗೆ ನಾಲ್ಕು ಕಾಳು ಅಕ್ಕಿ ಇಟ್ಟು ಅದರ ಹೊಟ್ಟೆ ತುಂಬಿಸುತ್ತಾರೆ ಎಂದು ಯಾರೋ ಹೇಳಿದರು. ಸರಿ, ಅಂಗೈ ಅಗಲದ ಹ್ಯಾಮ್‌ಸ್ಟರ್ ಕೌದಿಗೂ ಕಂಪ್ಲಿಯ ಅಕ್ಕಿ ಬಿತ್ತು. ಬೆಳಗಾಗುವಷ್ಟರಲ್ಲಿ ಕೌದಿಯ ಹೊಟ್ಟೆಯೊಳಗಿದ್ದದ್ದು ಹ್ಯಾಮ್‌ಸ್ಟರಿನ ಕೆನ್ನೆಚೀಲದೊಳಗಿತ್ತು, ಕೌದಿ ಚಿಂದಿಯಾಗಿತ್ತು. ಕಂಪ್ಲಿಯ ಗದ್ದೆಗಳಿಂದ ತಮ್ಮ ಕಳಿಸಿದ ಹುಲ್ಲನ್ನು ತುಂಬಿ ಹೊಲಿದ ಮೊಲದ ಹಾಸಿಗೆಗೂ ಹೆಚ್ಚುಕಡಿಮೆ ಇದೇ ಗತಿ. ಅದನ್ನು ಮೊಲ ಪೊಟ್ಟಣ ಕಟ್ಟಿಕೊಟ್ಟ ಊಟವೆಂದು ತಿಳಿಯಿತು.

ಇದೆಲ್ಲ ಬರೀ ತ್ಯಾಪಿ ಕೆಲಸ ಎಂಬ ಟೀಕೆಗಳಿಗೆ ಕೌದಿಯಕ್ಕ ಜಗ್ಗುವವರಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಸರಪಳಿ ಕಿತ್ತು ಗೇಟೇ ಕೊಚ್ಚಿಹೋಯಿತಲ್ಲ, ಊರೆಲ್ಲ ತಲೆ ಮೇಲೆ ಕೈಹೊತ್ತು ಕೂತಿತ್ತು. ಕೆಲವು ದಿನಗಳಲ್ಲಿ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ನೀರು ತಡೆದರು. ಆ ದಿನ ಕೌದಿಯಕ್ಕ ಪತ್ರಿಕೆ ಹಿಡಿದು ಮನೆಮನೆಗೆ ಬಂದಿದ್ದರು: “ನೋಡ್ರಿ, ಅಷ್ಟ್ ದೊಡ್ಡ ಇಂಜಿನಿಯರ್‌ಗಳೂ ಕೊನಿಗೆ ತ್ಯಾಪಿನೇ ಹಚ್ಚಿದ್ರು!”

ಇಷ್ಟೆಲ್ಲದರಲ್ಲಿ ಕೌದಿಯ ಬೆಲೆ ಅರಿತ ಪ್ರಾಣಿ ಒಂದೇ. ಹಂಪಿ ಪಕ್ಕದ ಕಮಲಾಪುರದಲ್ಲಿ ತಂಗಿಯ ಮನೆ ಮಾಳಿಗೆಯ ಮೇಲೆ ಒಣಹಾಕಿದ್ದ ಕೌದಿಯನ್ನು ಒಂದು ಕೋತಿ ಎತ್ತಿಕೊಂಡು ಹೋಗಿ, ನೀರಿನ ಟ್ಯಾಂಕಿನ ಮೇಲೆ ಹಾಸಿ, ಕಾಲಮೇಲೆ ಕಾಲು ಹಾಕಿ ಕೂತಿತು. ತಂಗಿ ಕೋಲು ತಂದಳು. ಕೌದಿಯಕ್ಕ ಅವಳ ಕೈ ಹಿಡಿದು, “ತಡಿ, ಅಳತಿ ಸರಿ ಐತಿಲ್ಲೋ ನೋಡೂಣು” ಅಂದರು. ಯಜಮಾನರು ಮಾತ್ರ ಕೆಳಗಿನಿಂದ, “ಅದರಾಗ ನನ್ನ ಹೊಸಾ ಲುಂಗಿ ಐತಿ” ಎಂದು ಕೂಗುತ್ತಿದ್ದರು.

ಯಜಮಾನರನ್ನು ಮರೆಯುವಂತಿಲ್ಲ. ಪ್ರಾಣಿಗಳು ಬೇಡವೆಂದ ಕೌದಿಗಳನ್ನೆಲ್ಲ ಕೂಡಿಸಿ ಹೊಲಿದ ಒಂದು ದೊಡ್ಡ ಕೌದಿ ಅವರ ಮಂಚದ ಮೇಲಿದೆ. ಬೇಸಿಗೆಯಲ್ಲಿ ಅವರೂ ಗಿನಿ ಪಿಗ್‌ಗಳ ಹಾಗೆ ಕಡಪ ಕಲ್ಲಿನ ಮೇಲೆಯೇ ಮಲಗುತ್ತಾರೆ. ಈ ಬಿಸಿಲೂರಲ್ಲಿ ಮೈತುಂಬ ರೋಮ ಹೊತ್ತ ಜೀವಕ್ಕೆ ಹಾಸಿಗೆ ಹೊಲಿಯುವುದು ಶುದ್ಧ ಹುಚ್ಚು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೂ ಆ ಹೊಲಿಗೆ ನೋಡಿದರೆ, ಅಷ್ಟು ಸಮನಾದ ಸಾಲು ಯಾವ ಮೆಷಿನ್ನೂ ಹಾಕುವುದಿಲ್ಲ.

ನಿಮ್ಮ ಮನೆಯಲ್ಲಿ ಹಳೆ ಕಾಟನ್ ಸೀರೆ, ಸವೆದ ಟವೆಲ್ ಇದ್ದರೆ ತೊಳೆದು ಕಳಿಸಿಕೊಡಿ. ನೈಲಾನ್ ಬೇಡ, ಜರಿ ಬೇಡ, ಗುಂಡಿ ಕಿತ್ತು ಕೊಡಿ. ಕೌದಿಯಕ್ಕ ಬಂದು “ನಿಮ್ಮನ್ಯಾಗ ಯಾವ ಪ್ರಾಣಿ ಐತ್ರಿ?” ಎಂದು ಕೇಳಿದರೆ ಮಾತ್ರ ಯಾವುದೂ ಇಲ್ಲವೆಂದು ಹೇಳಬೇಡಿ. ಹೇಳಿದವರ ಮನೆಗೆ ಮರುವಾರ ಕೌದಿ ಸಮೇತ ಒಂದು ಮರಿ ಬಂದಿರುತ್ತದೆ.