ಮನೆಗೊಬ್ಬ ನೆಮ್ಮದಿ ಅಧಿಕಾರಿ

ನಿವೃತ್ತರಾದ ಮೇಲೆ ಕೆಲವರು ಕಾಶಿಗೆ ಹೋಗುತ್ತಾರೆ, ಕೆಲವರು ಸೈಟಿನ ಕೇಸು ಹಿಡಿದು ಕೋರ್ಟಿಗೆ. ಎರಡಕ್ಕೂ ಹೋಗದೆ ಮನೆಯಲ್ಲೇ ಉಳಿದು, ಮನೆಮಂದಿಯನ್ನು ಸಂತೋಷಪಡಿಸಿಯೇ ತೀರುತ್ತೇನೆಂದು ಟೊಂಕ ಕಟ್ಟುವವರ ಸಂತತಿ ಇತ್ತೀಚೆಗೆ ಹೆಚ್ಚುತ್ತಿದೆ.

ಮೈಸೂರಿನ ಕುವೆಂಪುನಗರದ ರಾಯರು ಈ ಪೈಕಿ. ಬ್ಯಾಂಕ್ ಮ್ಯಾನೇಜರಾಗಿದ್ದವರು, ಶಾಖೆ ಕೈಬಿಟ್ಟ ಮೇಲೆ ಮನೆಯೇ ಶಾಖೆ. ಫ್ರಿಜ್ಜಿನ ಬಾಗಿಲಿಗೆ ವೇಳಾಪಟ್ಟಿ ಅಂಟಿಸಿದ್ದಾರೆ. ಶನಿವಾರ ಕುಕ್ಕರಹಳ್ಳಿ ಕೆರೆ ಸುತ್ತುವುದು, ಭಾನುವಾರ ಚೌಕಾಬಾರ, ಬುಧವಾರ ಎಲ್ಲರೂ ಕೂತು ಸೊಪ್ಪು ಬಿಡಿಸುವುದು. ಆಫೀಸಿನ ಕಾಲ್‌ನಲ್ಲಿರುವ ಸೊಸೆಯ ಮಡಿಲಿಗೆ ಮೆಂತ್ಯದ ಕಟ್ಟು ಬಂದು ಬಿದ್ದರೆ ಅದು ಬಾಂಧವ್ಯ.

ಮೊಬೈಲ್ ವಿಷಯದಲ್ಲಿ ಅವರಿಗೆ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವ್ ಆದರ್ಶ. 2022ರಲ್ಲಿ ಆ ಊರಿನವರು ತಮ್ಮತಮ್ಮಲ್ಲೇ ಚರ್ಚಿಸಿ, ಸಂಜೆ 7ಕ್ಕೆ ಸೈರನ್ ಕೂಗಿದೊಡನೆ ಒಂದೂವರೆ ತಾಸು ಟಿವಿ, ಮೊಬೈಲು ಬಂದ್ ಮಾಡುವ ಪದ್ಧತಿ ಶುರುಮಾಡಿದರು. ರಾಯರ ಮನೆಯಲ್ಲಿ ಚರ್ಚೆ ಎಂಬುದಿಲ್ಲ. ಸೈರನ್ನೂ ಇಲ್ಲ, ದೇವರಮನೆಯ ಗಂಟೆಯಿದೆ. ಅದು ಬಾರಿಸಿತೆಂದರೆ ಎಲ್ಲರ ಫೋನೂ ಬಿದಿರು ಬುಟ್ಟಿಗೆ. ರಾಯರದು ಮಾತ್ರ ಕೈಯಲ್ಲೇ. ಟೈಮ್ ನೋಡುವವರು ಯಾರಾದರೂ ಬೇಕಲ್ಲ!

ಇಷ್ಟನ್ನು ಹೇಗೋ ಸಹಿಸಬಹುದು. ಸಹಿಸಲಾಗದ್ದು ಊಟಕ್ಕೆ ಮುಂಚಿನ ಕೃತಜ್ಞತಾ ಕಾರ್ಯಕ್ರಮ. ರಾತ್ರಿ ಎಂಟೂಕಾಲಿಗೆ ತಟ್ಟೆ ಹಾಕಿ, ಬಡಿಸಿ ಆದಮೇಲೆ, ಒಬ್ಬೊಬ್ಬರೂ ಆ ದಿನ ಯಾವುದಕ್ಕೆ ಋಣಿ ಎಂದು ಹೇಳಬೇಕು. ಹೇಳದೆ ತುತ್ತು ಮುಟ್ಟುವಂತಿಲ್ಲ.

ಪತ್ರಿಕೆಗಳಿಗೆ ಬರೆದುಕೊಂಡಿರುವ ಅವರ ಭಾವಮೈದುನನೊಬ್ಬ ಬೆಂಗಳೂರಿನಿಂದ ಬಸ್ಸಿನಲ್ಲಿ ನಿಂತೇ ಬಂದು, ಹಸಿದು ಈ ಪಂಕ್ತಿಯಲ್ಲಿ ಕೂತಿದ್ದ. (ಹೆಸರು ಬೇಡ, ಪಾಪ, ಅವನಿಗೇ ಸಂಕೋಚ.) ಮಗ ಟ್ರಾಫಿಕ್ ಕಡಿಮೆ ಇದ್ದದ್ದಕ್ಕೆ ಋಣಿಯಾದ. ಸೊಸೆ ಕುಕ್ಕರಿನ ಗ್ಯಾಸ್ಕೆಟ್ ಸಿಕ್ಕಿದ್ದಕ್ಕೆ. ಮೊಮ್ಮಗ ಗಣಿತದ ಮೇಡಮ್ಮಿಗೆ ಜ್ವರ ಬಂದದ್ದಕ್ಕೆ ಎಂದ. ಅದನ್ನು ತಿರಸ್ಕರಿಸಿ, ಬೇರೆ ಯೋಚಿಸಲು ಕಾಲಾವಕಾಶ ಕೊಡಲಾಯಿತು. ನುಗ್ಗೇಕಾಯಿ ಹುಳಿಯ ಮೇಲೆ ತುಪ್ಪ ಹೆಪ್ಪುಗಟ್ಟಿತು, ಹಪ್ಪಳ ಮೆತ್ತಗಾಯಿತು. ಭಾವಮೈದುನನ ಸರದಿ ಬಂದಾಗ, "ಈ ಹುಳಿಗೆ ಋಣಿ, ಅದು ಬಿಸಿಯಿದ್ದಾಗ" ಎಂದ. ರಾಯರು ನಗಲಿಲ್ಲ. 2003ರಲ್ಲಿ ಮನಶ್ಶಾಸ್ತ್ರಜ್ಞರಾದ ಎಮನ್ಸ್ ಮತ್ತು ಮೆಕಲೋ ಪ್ರಕಟಿಸಿದ ಅಧ್ಯಯನದ ಬಗ್ಗೆ ಹೇಳತೊಡಗಿದರು. ಅಧ್ಯಯನವೇನೋ ನಿಜ. ಋಣಿಯಾಗಲು ಕಾರಣವಾದ ಐದು ಸಂಗತಿಗಳವರೆಗೆ ಬರೆದಿಟ್ಟ ಅಮೆರಿಕದ ವಿದ್ಯಾರ್ಥಿಗಳು, ನಿತ್ಯದ ಕಿರಿಕಿರಿಗಳನ್ನು ಬರೆದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನದಿಂದಿದ್ದರು. ಆದರೆ ಆ ಮೊದಲ ಪ್ರಯೋಗದಲ್ಲಿ ಅವರು ಬರೆದದ್ದು ವಾರಕ್ಕೊಮ್ಮೆ, ಅದೂ ಕಾಗದದ ಮೇಲೆ. ಎದುರಿಗೆ ಹುಳಿ ಇಟ್ಟುಕೊಂಡಲ್ಲ.

ರಾಯರ ಇನ್ನೊಂದು ಆಧಾರ ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್. ಅಜ್ಜ ಅಜ್ಜಿ ಬೆಳೆದದ್ದು ಎಲ್ಲಿ, ಅಪ್ಪ ಅಮ್ಮನ ಭೇಟಿಯಾದದ್ದು ಹೇಗೆ ಎಂಬಂಥ 20 ಪ್ರಶ್ನೆಗಳನ್ನು ಇವರು ಮಕ್ಕಳಿಗೆ ಕೇಳಿದರು. ಮನೆತನದ ಕಥೆ ಹೆಚ್ಚು ಗೊತ್ತಿದ್ದ ಮಕ್ಕಳಿಗೆ ತಮ್ಮ ಮೇಲೆ ತಮಗೆ ಗೌರವವೂ ಹೆಚ್ಚಿತ್ತು. ಉತ್ತರ ಬಾಯಿಪಾಠ ಮಾಡಿಸಿದರೆ ಫಲವಿಲ್ಲ, ಕೂತು ಹೇಳುವ ಕೇಳುವ ರೂಢಿಯೇ ಮುಖ್ಯ ಎಂದು ಡ್ಯೂಕ್ ಅವರೇ ಎಚ್ಚರಿಸಿದ್ದರು. ರಾಯರು ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಿದರು. ಮೊಮ್ಮಗನಿಗೆ 20ಕ್ಕೆ 6 ಬಂತು.

ಹುಳಿ ಆರಿದ ಆ ರಾತ್ರಿಯೇ ಕರೆಂಟು ಹೋಯಿತು. ಟಾರ್ಚಿಗೆಂದು ಬುಟ್ಟಿಯ ಫೋನುಗಳೆಲ್ಲ ಹೊರಬಂದವು. ಯಾವ ಕಾರ್ಯಕ್ರಮಕ್ಕೂ ಬಾಯಿ ಬಿಡದ ರಾಯರ ಹೆಂಡತಿ ದೊಡ್ಡ ಪಾತ್ರೆಯಲ್ಲಿ ಹುಳಿಯನ್ನ ಕಲಸಿ, ಸುತ್ತ ಕೂತವರಿಗೆಲ್ಲ ಕೈತುತ್ತು ಹಾಕುತ್ತಾ ಅಜ್ಜ ಅಜ್ಜಿ ಭೇಟಿಯಾದದ್ದು ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಹೇಳಿದರು. ತಿಪಟೂರಿನ ಮನೆಗೆ ಹೆಣ್ಣು ನೋಡಲು ಬಂದ ಹುಡುಗ ಗಾಬರಿಯಲ್ಲಿ ಕುದಿಯುವ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದ. ನಾಲಿಗೆ ಸುಟ್ಟು, ಹೊರಡುವವರೆಗೂ ತುಟಿ ಎರಡು ಮಾಡಲಿಲ್ಲ. ಮಿತಭಾಷಿ, ಗಂಭೀರ ಸ್ವಭಾವದವನು ಎಂದು ಹೆಣ್ಣಿನವರು ಒಪ್ಪಿಕೊಂಡೇಬಿಟ್ಟರು.

ಮೊಮ್ಮಗ ನಕ್ಕು ನಕ್ಕು ಕೆಮ್ಮಿದ. ರಾಯರೂ ನಕ್ಕರು, ಗಡಿಯಾರ ನೋಡುವುದನ್ನು ಮರೆತು.

ರಾಯರ ಈ ಹಟಕ್ಕೆ ಕಾರಣವಿದೆ. ಬ್ಯಾಂಕಿನಲ್ಲಿದ್ದಾಗ ಬೀದರ್, ರಾಯಚೂರು, ಸಿರಸಿ ಎಂದು ವರ್ಗಾವಣೆಯ ಮೇಲೆ ವರ್ಗಾವಣೆ. ಮಕ್ಕಳು ಚಿಕ್ಕವರಿದ್ದಾಗ ಅವರು ಒಬ್ಬರೇ ರೂಮು ಮಾಡಿಕೊಂಡು ಮೆಸ್ಸಿನಲ್ಲಿ ಉಂಡವರು. ಊರಿಗೆ ಬಂದರೆ ಮಕ್ಕಳು ಮಲಗಿರುತ್ತಿದ್ದರು. ಅಂದು ಬಾಕಿ ಉಳಿದ ಊಟಗಳನ್ನು ಈಗ ಬಡ್ಡಿ ಸಮೇತ ವಸೂಲಿ ಮಾಡುತ್ತಿದ್ದಾರೆ. ಇದು ಮಗನಿಗೂ ಗೊತ್ತು. ಗೊತ್ತಿರುವುದರಿಂದಲೇ ಗಂಟೆ ಬಾರಿಸಿದೊಡನೆ ಗೊಣಗಿಕೊಂಡಾದರೂ ಬಂದು ಕೂರುತ್ತಾನೆ.

ಕರೆಂಟು ಬಂದದ್ದೇ ತಡ, ರಾಯರು ಮೊಮ್ಮಗನ ಅಂಕವನ್ನು 7ಕ್ಕೆ ತಿದ್ದಿದರು. ಕಾರ್ಯಕ್ರಮ ಇಂದಿಗೂ ನಿಂತಿಲ್ಲ. ಅವರ ಮನೆಗೆ ಊಟಕ್ಕೆ ಕರೆ ಬಂದರೆ ತಪ್ಪಿಸಬೇಡಿ. ಸಂಜೆ ಆರಕ್ಕೆ ಎರಡು ಇಡ್ಲಿ ತಿಂದುಕೊಂಡು ಹೋಗಿ.