ಕಲ್ಲೆಣ್ಣೆ ಮೀಮಾಂಸೆ

ಯಾವ ಶಾಸ್ತ್ರವನ್ನೇ ಆಗಲಿ ಪದನಿಷ್ಪತ್ತಿಯಿಂದ ಆರಂಭಿಸಬೇಕೆಂಬುದು ವಿದ್ವಾಂಸರ ರೂಢಿ. ಮುಂದಿನ ಪುಟವನ್ನು ಯಾರೂ ಓದುವುದಿಲ್ಲವೆಂಬ ಅನುಭವವೇ ಇದಕ್ಕೆ ಕಾರಣವಿದ್ದೀತು. ‘ಎಳ್’ ಮತ್ತು ‘ನೆಯ್’ ಕೂಡಿ ಎಣ್ಣೆ, ಅಂದರೆ ಎಳ್ಳಿನ ತುಪ್ಪ. ತಿಲದಿಂದ ತೈಲ, ಅದೂ ಎಳ್ಳೇ. ಆದ್ದರಿಂದ ಪೆಟ್ರೋಲಿಯಮ್ಮಿಗೆ ನಾವಿಟ್ಟ ‘ಕಲ್ಲೆಣ್ಣೆ’ ಎಂಬ ಹೆಸರಿಗೆ ಶಾಸ್ತ್ರೋಕ್ತ ಅರ್ಥ: ಕಲ್ಲೊಳಗಿನ ಎಳ್ಳಿನ ತುಪ್ಪ. ಸಂಜೆಯಾದ ಮೇಲೆ ‘ಎಣ್ಣೆ’ಗೆ ಬರುವ ಇನ್ನೊಂದು ಅರ್ಥ ಈ ಪ್ರಬಂಧದ ವ್ಯಾಪ್ತಿಗೆ ಸೇರಿದ್ದಲ್ಲ. ಆದರೆ ಚಟದ ಮುಖ್ಯ ಲಕ್ಷಣ ಎರಡರಲ್ಲೂ ಒಂದೇ: ನಾಳೆಯಿಂದ ಬಿಡುತ್ತೇನೆ ಎನ್ನುವುದು.

ಲಕ್ಷಣಕ್ಕೆ ಉದಾಹರಣೆ. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಇಸ್ರೇಲಿನ ಬೆಂಬಲಿಗರಿಗೆ ಎಣ್ಣೆ ನಿಲ್ಲಿಸಿದವು. ಪೀಪಾಯಿಗೆ 3 ಡಾಲರಿನ ಆಸುಪಾಸಿನಲ್ಲಿದ್ದ ಬೆಲೆ ಕೆಲವೇ ತಿಂಗಳಲ್ಲಿ 12ರ ಹತ್ತಿರ ಹೋಯಿತು. 1980ರ ಹೊತ್ತಿಗೆ ಅಮೆರಿಕ ಯಾರ ಹಂಗೂ ಇಲ್ಲದೆ ಬದುಕುತ್ತದೆಂದು ನಿಕ್ಸನ್ ನವೆಂಬರಿನಲ್ಲಿ ಸಂಕಲ್ಪ ಮಾಡಿದರು. 1977ಕ್ಕೆ ಆಮದು ಇನ್ನೂ ಏರಿತ್ತು. ಕಾರ್ಟರ್ 1979ರಲ್ಲಿ ಶ್ವೇತಭವನದ ಮಾಡಿನ ಮೇಲೆ ನೀರು ಕಾಯಿಸುವ 32 ಸೌರಫಲಕ ಕೂರಿಸಿದರು. ರೇಗನ್ ಕಾಲದಲ್ಲಿ, ಮಾಡಿನ ರಿಪೇರಿಗೆಂದು 1986ರಲ್ಲಿ ಕೆಳಗಿಳಿದವು ಮತ್ತೆ ಮೇಲೆ ಹತ್ತಲಿಲ್ಲ. ಕೆಲವು ಮೇನ್ ರಾಜ್ಯದ ಕಾಲೇಜೊಂದರ ಊಟದ ಮನೆಗೆ ಬಿಸಿನೀರು ಕೊಟ್ಟವು. ಮಹಾಶಕ್ತಿಯ ಇಂಧನ ನೀತಿಯಿಂದ ನಾಲ್ಕು ಪಾತ್ರೆಯಾದರೂ ತೊಳೆದಂತಾಯಿತು.

‘ಶೇಲ್ ಬಂಡೆ ಒಡೆದು ಅಮೆರಿಕ ಗೆದ್ದಿತಲ್ಲ?’ ಎಂದು ಪೂರ್ವಪಕ್ಷದವರು ಕೇಳಬಹುದು. ಹೌದು. ವರ್ಷದ ಲೆಕ್ಕದಲ್ಲಿ ರಫ್ತು ಆಮದನ್ನು ಮೀರಿದ್ದು 2020ರಲ್ಲಿ. ಸಂಕಲ್ಪಕ್ಕೆ ನಲವತ್ತು ವರ್ಷ ತಡವಾಗಿ, ಲೋಕವೆಲ್ಲ ಮನೆಯೊಳಗೆ ಕೂತು ಎಣ್ಣೆ ಯಾರಿಗೂ ಬೇಡವಾಗಿದ್ದಾಗ.

ಭಾರತದಲ್ಲಿ, ಅದೇ 1973ರ ನವೆಂಬರಿನಲ್ಲಿ, ಪೆಟ್ರೋಲ್ ಬೆಲೆಯೇರಿಕೆ ವಿರೋಧಿಸಿ ವಾಜಪೇಯಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ಎತ್ತು ತಿನ್ನುವ ಹಿಂಡಿಯೂ ಗಾಣದಿಂದಲೇ ಬರುವುದರಿಂದ ಅದನ್ನು ಎಣ್ಣೆಮುಕ್ತ ವಾಹನ ಎನ್ನಲಾಗದು. 2015ರಲ್ಲಿ ಇನ್ನೊಂದು ಸಂಕಲ್ಪವಾಯಿತು: ಶೇ 77ರಷ್ಟಿದ್ದ ಆಮದು ಅವಲಂಬನೆ 2022ಕ್ಕೆ ಶೇ 67ಕ್ಕೆ ಇಳಿಯತಕ್ಕದ್ದು. 2022 ಬಂತು, ಅವಲಂಬನೆ ಶೇ 85 ದಾಟಿತ್ತು. ಎರಡೂ ಪ್ರಸಂಗಗಳಿಂದ ಪ್ರಬಂಧಕಾರ ಹೊರಡಿಸಿದ ಸೂತ್ರ: ‘ಸಂಕಲ್ಪಾದ್ ವೃದ್ಧಿಃ’. ಪಾಣಿನಿಯಲ್ಲಿ ಹುಡುಕಬೇಡಿ.

ಇನ್ನು ಭರಣಿ ಪಂಥ. ಅಟ್ಟದ ಮೇಲೆ ಉಪ್ಪಿನಕಾಯಿ ಭರಣಿ ಇದ್ದರೆ ಮನೆಗೆ ಅಭಯ ಎಂಬುದು ಈ ಪಂಥದ ಮೂಲತತ್ತ್ವ. ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಗುಹೆಗಳನ್ನು ಬಂಡೆಯಲ್ಲಿ ಕೊರೆದಿದ್ದಾರೆ. ಸುತ್ತಲಿನ ಕಲ್ಲಿನ ಸೀಳುಗಳಲ್ಲಿ ನೀರಿನ ಒತ್ತಡ ಒಳಗಿನ ಎಣ್ಣೆಯ ಒತ್ತಡಕ್ಕಿಂತ ಹೆಚ್ಚಿರುವಂತೆ ಕಾಯುತ್ತಾರೆ. ಹಾಗಾಗಿ ನೀರು ಒಳಕ್ಕೆ ಒಸರುತ್ತದೆಯೇ ಹೊರತು ಎಣ್ಣೆ ಹೊರಕ್ಕೆ ಸೋರುವುದಿಲ್ಲ. ತಾತ್ತ್ವಿಕವಾಗಿ ಇದು ರೋಮಾಂಚಕ. ಅರೇಬಿಯಾದ ಕಲ್ಲಿನಿಂದ ಹೊರತೆಗೆದದ್ದನ್ನು ಕಾಸು ಕೊಟ್ಟು ಕೊಂಡು, ಹೊರ್ಮುಜ್ ಜಲಸಂಧಿಯನ್ನು ಜೀವ ಕೈಯಲ್ಲಿ ಹಿಡಿದು ದಾಟಿಸಿ, ಪಾದೂರಿನ ಕಲ್ಲಿಗೆ ಸುರಿಯುವುದು! ಕಲ್ಲೆಣ್ಣೆಗೆ ಪುನರ್ಜನ್ಮವಿದೆಯೆಂಬುದು ಸಿದ್ಧ.

ಮೂರೂ ಗುಹೆ ತುಂಬಿದ್ದರೆ ದೇಶಕ್ಕೆ ಒಂಬತ್ತೂವರೆ ದಿನ ಸಾಕು ಎಂಬುದು ಸರ್ಕಾರಿ ಲೆಕ್ಕ. ಕಂಪನಿಗಳ ತೊಟ್ಟಿಗಳಲ್ಲಿರುವುದನ್ನೂ ಸೇರಿಸಿ 74 ದಿನ ಎಂದು ಸಮಾಧಾನ ಹೇಳುವವರಿದ್ದಾರೆ. 1974ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ತನ್ನ ಸದಸ್ಯರಿಂದ ಕೇಳುವುದು 90 ದಿನ. ನಮ್ಮ ಒಂಬತ್ತೂವರೆ ಮಾತ್ರ ಯಾವ ಪಂಚಾಂಗಕ್ಕೂ ಹೊಂದುವುದಿಲ್ಲ: ನವರಾತ್ರಿಗೆ ಹೆಚ್ಚು, ಸೂತಕಕ್ಕೆ ಕಡಿಮೆ.

ಭರಣಿ ನಮ್ಮದು, ಉಪ್ಪಿನಕಾಯಿ ಯಾರದು? ಮಂಗಳೂರಿನ ಗುಹೆಯೊಂದರಲ್ಲಿ ಅಬುಧಾಬಿಯ ಸರ್ಕಾರಿ ಕಂಪನಿ 2018ರಲ್ಲಿ ತನ್ನದೇ ಎಣ್ಣೆ ತಂದು ತುಂಬಿತು. ತುರ್ತು ಬಂದರೆ ಮೊದಲ ಹಕ್ಕು ನಮಗೆ. ಅಂದರೆ ಪಕ್ಕದ ಮನೆಯವರ ಭಯದಿಂದ ಕಟ್ಟಿದ ಅಟ್ಟದಲ್ಲಿ ಪಕ್ಕದ ಮನೆಯವರದೇ ಭರಣಿ. ಇದು ಭದ್ರತೆಯೋ ಬೀಗತನವೋ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಆದರೂ ಈ ಪಂಥವನ್ನು ಪೂರ್ತಿ ನಗೆಯಾಡಲಾಗದು. 2020ರ ಏಪ್ರಿಲಿನಲ್ಲಿ ಅಮೆರಿಕದ ವಾಯಿದಾ ಪೇಟೆಯಲ್ಲಿ ಒಂದು ದಿನ ಬೆಲೆ ಸೊನ್ನೆಯಿಂದಲೂ ಕೆಳಗೆ 37.63 ಡಾಲರಿಗೆ ಬಿದ್ದಾಗ, ನಮ್ಮವರು ಮಾವಿನಮಿಡಿ ಅಗ್ಗವಾದ ದಿನದ ಅಜ್ಜಿಯಂತೆ ಎದ್ದು ಹೊರಟರು. ಸರಾಸರಿ 19 ಡಾಲರಿಗೆ ಕೊಂಡು ಮೂರೂ ಗುಹೆ ತುಂಬಿಸಿದರು. ಸುಮಾರು 5,000 ಕೋಟಿ ರೂಪಾಯಿ ಉಳಿಯಿತು. ಅಜ್ಜಿ ಮೆಚ್ಚುವಂಥ ಕೆಲಸ.

ಕೊನೆಯದಾಗಿ ಮಸಿ ಸಿದ್ಧಾಂತ. 2017ರ ಜೂನ್ 16ರಿಂದ ಪೆಟ್ರೋಲ್ ಬೆಲೆ ಲೋಕದ ಪೇಟೆಯನ್ನು ಹಿಂಬಾಲಿಸಿ ದಿನವೂ ಬದಲಾಗಬೇಕೆಂದಾಯಿತು. 2018ರ ಏಪ್ರಿಲ್ 24ರಿಂದ ಅದು ಹತ್ತೊಂಬತ್ತು ದಿನ ಅಲುಗಾಡಲಿಲ್ಲ. ಲೋಕದಲ್ಲಿ ಕಚ್ಚಾ ತೈಲ ಏರುತ್ತಲೇ ಇತ್ತು. ಇಲ್ಲಿ ಕರ್ನಾಟಕದ ಚುನಾವಣೆ ನಡೆಯುತ್ತಿತ್ತು. ಒಪೆಕ್ಕಿನಿಂದ ಆಗದ್ದನ್ನು ಮೈಸೂರಿನಲ್ಲಿ ತಯಾರಾಗುವ, ಬೆರಳಿಗೆ ಹಚ್ಚುವ ಮಸಿಯ ಒಂದು ಗೀರು ಸಾಧಿಸಿತು. ಮೇ 12ಕ್ಕೆ ಮತದಾನ ಮುಗಿಯಿತು. 14ರ ಬೆಳಿಗ್ಗೆ ಬೆಲೆಗೆ ಮತ್ತೆ ಕಾಲು ಬಂತು. ನಡುವಿನ ಭಾನುವಾರ ಪಕ್ಕದ ಮನೆಯ ರಾಯರು ಸ್ಕೂಟರಿಗೆ ಟ್ಯಾಂಕ್ ತುಂಬಿಸಿಟ್ಟುಕೊಂಡಿದ್ದರು. ಅವರು ಅರ್ಥಶಾಸ್ತ್ರ ಓದಿದವರಲ್ಲ. ಎಷ್ಟು ದಿನ ಬಂತು ರಾಯರೇ ಎಂದು ಆಮೇಲೊಮ್ಮೆ ವಿಚಾರಿಸಿದೆ.

‘ಹತ್ತಕ್ಕೆ ಒಂಚೂರು ಕಮ್ಮಿ’ ಎಂದರು.